ಸಮುದ್ರದ ತೂಬು

ಹಾನಗಲ್ಲಿನ ಕೆರೆಯ ತೂಬು ಕಾಯುವ ಶಿದ್ಲಿಂಗಪ್ಪ ಒಮ್ಮೆ ಕೆಮ್ಮಿದರೆ ಅಲೆಗಳು ಸಾಲಾಗಿ ಕೈಕಟ್ಟಿ ನಿಲ್ಲುತ್ತಿದ್ದವು. ಮೂವತ್ತು ವರ್ಷದಲ್ಲಿ ನೀರು ಅವನನ್ನು ಕೇಳದೆ ಒಂದು ಬೆರಳೂ ಇಳಿದದ್ದಿಲ್ಲ. ಅಂಥವನನ್ನು ಎಪ್ಪತ್ತೆಂಟರ ಬೇಸಿಗೆಯಲ್ಲಿ ಸವಣೂರಿನ ಎಲೆ ವ್ಯಾಪಾರಿ ಗೌಸಸಾಬ ಜೊತೆಗಿರಲೆಂದು ಕುಮಟಾ ಕಡೆಗೆ ಕರೆದೊಯ್ದ. ಅಲ್ಲಿ ಅಳಿವೆಯಾಚೆಯ ಊರಲ್ಲಿ ಮದುವೆ. ತಾಂಬೂಲಕ್ಕೆ ಸವಣೂರಿನ ಎಲೆಯೇ ಆಗಬೇಕೆಂದು ಬೀಗರ ಹಟ. ಆ ಎಲೆಯಾದರೂ ಎಷ್ಟು ಎಳೆಯದು! ಗಟ್ಟಿಯಾಗಿ ಮಾತಾಡಿದರೆ ಹರಿಯುತ್ತಿತ್ತು. ಹನ್ನೊಂದಕ್ಕೆ ಅಕ್ಕಿಕಾಳು ಬೀಳುವ ಮುಹೂರ್ತ. ಅಷ್ಟರಲ್ಲಿ ಎರಡು ಬುಟ್ಟಿ ಎಲೆ ಮುಟ್ಟದಿದ್ದರೆ ಗೌಸಸಾಬನ ಮೂರು ತಲೆಮಾರಿನ ಹೆಸರು ಮಣ್ಣುಪಾಲು.

ಒಂಬತ್ತಕ್ಕೆ ದಂಡೆಗೆ ಬಂದರೆ, ನೀರೇ ಇಲ್ಲ! ದೋಣಿ ಕೆಸರಿನಲ್ಲಿ ಎಮ್ಮೆಯಂತೆ ಮಲಗಿತ್ತು.

"ಯಾವ ಮಗಾ ತೂಬು ಬಿಚ್ಚ್ಯಾನ?" ಶಿದ್ಲಿಂಗಪ್ಪ ಗುಡುಗಿದ. ಗೋವೆಯವರೆಗಿನ ಮೀನುಗಳೆಲ್ಲ ಬೆಚ್ಚಿದವು.

ದೋಣಿಯವನು ಹೊಟ್ಟೆ ಹಿಡಿದು ನಕ್ಕ. "ತೂಬು ಎಂಥದು ಮಾರಾಯ? ಇದು ಇಳಿತ. ಸಮುದ್ರ ದಿನಕ್ಕೆ ಎರಡು ಸಲ ನೀರು ಎಳ್ಕೊಳ್ತದೆ, ಎರಡು ಸಲ ತಿರುಗಿ ಕೊಡ್ತದೆ. ಹನ್ನೆರಡರ ಮೇಲೆ ದೋಣಿ ತೇಲ್ತದೆ, ಕೂತ್ಕೊಳ್ಳಿ."

"ಹನ್ನೆರಡಕ್ಕ? ಅಷ್ಟೊತ್ತಿಗೆ ಕೂಸಿಗೆ ಹೆಸರ ಇಟ್ಟಿರ್ತಾರ!" ಗೌಸಸಾಬ ಬುಟ್ಟಿಯ ಮೇಲಿನ ಒದ್ದೆ ಗೋಣಿ ಸರಿಪಡಿಸಿ ತಲೆಯ ಮೇಲೆ ಕೈಹೊತ್ತು ಕೂತ.

ಶಿದ್ಲಿಂಗಪ್ಪ ಕೂರಲಿಲ್ಲ. ಅಳಿವೆಯ ನಡುವೆ ಹೆಂಗಸರು ಮೊಣಕಾಲುದ್ದ ನೀರಲ್ಲಿ ಬಗ್ಗಿ ಚಿಪ್ಪು ಆರಿಸುತ್ತಿದ್ದರು. ಕೆರೆಯ ಹೂಳು ತೆಗೆಸುವಾಗ ಅವನು ನೋಡಿ ನೋಡಿ ಕಲಿತದ್ದೊಂದಿತ್ತು: ಕಾಲು ಹೂತುಹೋಗುವ ಕಡೆ ಹೆಂಗಸರು ಬುಟ್ಟಿ ಇಡುವುದೇ ಇಲ್ಲ.

"ಗೌಸಣ್ಣಾ, ಏಳು. ಅವ್ರು ನಿಂತಲ್ಲಿ ನೆಲ ಗಟ್ಟಿ ಐತಿ. ನಡಕೊಂತ ಹೋಗೂಣು."

"ನಿನ್ನ ಕೆರಿ ಅಲ್ಲಪಾ ಇದು, ಸಮುದ್ರ!"

"ಕೆಸರು ಎಲ್ಲಿದ್ರೂ ಕೆಸರ. ಅದಕ್ಕ ನನ್ನ ಗುರುತೈತಿ, ಬಾ."

ದೋಣಿಯವನ ನಗು ನಿಂತಿತು. ಆಳ ನೋಡುವ ತನ್ನ ಬಿದಿರು ಜಲ್ಲೆ ಕೊಟ್ಟು ಹೇಳಿದ: "ಹೋಗುದಾದ್ರೆ ಈಗ್ಲೇ ಹೋಗಿ. ಆ ಹೆಂಗಸರು ದಡ ಹತ್ತುವುದ್ರೊಳಗೆ ದಾಟಿ."

ತಲೆಯ ಮೇಲೆ ಒಂದೊಂದು ಬುಟ್ಟಿ. ಚಿಪ್ಪಿನವರು ನಡೆದ ಜಾಡಿನಲ್ಲೇ ಜಲ್ಲೆ ಊರಿ ಹೆಜ್ಜೆಯಿಟ್ಟು ಶಿದ್ಲಿಂಗಪ್ಪ ಮುಂದೆ, "ಯಾ ಅಲ್ಲಾ" ಎನ್ನುತ್ತ ಗೌಸಸಾಬ ಹಿಂದೆ. ಸಮುದ್ರ ಗೌಸಸಾಬನ ಒಂದು ಚಪ್ಪಲಿ ಇಟ್ಟುಕೊಂಡು ತೃಪ್ತಿಪಟ್ಟಿತು. ಹತ್ತೂವರೆಗೆ ಎಲೆಗಳು ಮದುವೆಮನೆಯ ತಟ್ಟೆಯಲ್ಲಿದ್ದವು, ಒಂದೂ ಬಾಡಿರಲಿಲ್ಲ.

ಮೂರಕ್ಕೆ ಉಂಡು ದಂಡೆಗೆ ಬಂದರೆ ನಡೆದ ದಾರಿಯ ಮೇಲೆ ಎರಡಾಳು ನೀರು. ಆ ನೀರಿನ ಮೇಲೆ ದೋಣಿಯವನು ಹಲ್ಲುಕಿರಿಯುತ್ತ ಬರುತ್ತಿದ್ದ.

"ತೂಬಿನ ಯಜಮಾನಾ, ಬಿಚ್ಚಪಾ ಈಗ," ಗೌಸಸಾಬ ಕೆಣಕಿದ. "ಹಾನಗಲ್ ಬಸ್ಸು ತಪ್ಪತೈತಿ."

ಶಿದ್ಲಿಂಗಪ್ಪ ತಾಂಬೂಲವನ್ನು ದವಡೆಗೆ ಸರಿಸಿ ಸಮುದ್ರವನ್ನೊಮ್ಮೆ ದಿಟ್ಟಿಸಿ ನೋಡಿದ.

"ಬಿಚ್ಚಿದ್ರ ಆ ಬಡವನ ದೋಣಿ ಮತ್ತ ಕೆಸರಾಗ ಕುಂದರತೈತಿ. ಹೊಟ್ಟಿಪಾಡಿನ ಮನಶಾ. ಇವತ್ತೊಂದಿನ ಇರಲಿ ಬಿಡು."