ಲೆಕ್ಕದಕ್ಕನಿಗೆ ಕೋಡು ಮೂಡಿದ್ದು

"ಈ ವಯಸ್ಸಲ್ಲಿ ಕೋಡ್ ಕಲೀತೀರಾ? ತಲೆ ಮೇಲೆ ಮೂಡುತ್ತೆ, ನೋಡ್ಕೊಳ್ಳಿ!" ಎಂದು ಶೂ ಅಂಗಡಿಯವರೆಲ್ಲ ನಕ್ಕಿದ್ದರು.

ಅಂಗಡಿಯ ಲೆಕ್ಕ ಬರೆಯುವ ಲೆಕ್ಕದಕ್ಕ ನೆತ್ತಿ ಸವರಿಕೊಂಡು, "ಇನ್ನೂ ಮೂಡಿಲ್ಲ. ಮೂಡಿದ ದಿನ ಮೊದಲು ನಿಮಗೇ ಹಾಯ್ತೀನಿ," ಎಂದಿದ್ದಳು.

ಕಲಿಸುತ್ತಿದ್ದವಳು ಸೊಸೆ. ಸಂಜೆಯಾದರೆ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್. "ಅತ್ತೆ, ಇಲ್ಲೊಂದು ಕೋಲನ್ ಬಿಟ್ಟಿದೀರ. ಅತ್ತೆ, ಇದನ್ನ ನಿನ್ನೇನೇ ಹೇಳಿದ್ನಲ್ಲ?" ಅತ್ತೆಯ ತಪ್ಪನ್ನು ಅತ್ತೆಯ ಅಪ್ಪಣೆ ಪಡೆದೇ ಎತ್ತಿ ಆಡುವ ಭಾಗ್ಯ ಎಷ್ಟು ಸೊಸೆಯರಿಗುಂಟು? ಇಷ್ಟಾದರೂ ಜಗಳವೇಳದ್ದನ್ನು ಕಂಡು ಮಗನೇ ಹೆದರಿಹೋಗಿದ್ದ.

ಅಂಗಡಿಯ ಸೇಲ್ಸ್ ಮ್ಯಾನೇಜರಿಗೆ ಟಕಾಟಕ್ ಎಂದೇ ಅಡ್ಡಹೆಸರು. ಆನ್‌ಲೈನ್ ಮಾರಾಟದ ಲೆಕ್ಕಕ್ಕೆಂದು ಅವನು ಎಐಗೆ ಹೇಳಿ ಒಂದು ಪ್ರೋಗ್ರಾಂ ಬರೆಸಿದ್ದ. ಅದು ತೋರಿಸಿದ ಲಾಭ ನೋಡಿ ಯಜಮಾನರು ಪಕ್ಕದ ಬೀದಿಯಲ್ಲಿ ಎರಡನೇ ಅಂಗಡಿ ತೆರೆಯಲು ಹೊರಟರು. ಈವರೆಗೆ ಉಳಿಸಿದ್ದೆಲ್ಲ ಮುಂಗಡಕ್ಕೆ. ಕರಾರಿಗೆ ಅಂದು ಮಧ್ಯಾಹ್ನವೇ ಸಹಿ.

ಲೆಕ್ಕದಕ್ಕ ವರದಿ ನೋಡಿದಳು. ಆಮೇಲೆ ತನ್ನ ಬೆನ್ನ ಹಿಂದೆ ನೋಡಿದಳು. ಕಾಲಿಗೆ ಹಿಡಿಸದೆ ವಾಪಸ್ ಬಂದ ಶೂ ಡಬ್ಬಗಳು ಕಿಟಕಿಯನ್ನು ಮುಚ್ಚಿ ಸೂರಿನತ್ತ ಏರಿದ್ದವು.

"ಇಷ್ಟೊಂದು ವಾಪಸ್ ಬಂದಿರೋವಾಗ ಇಷ್ಟು ಲಾಭ ಎಲ್ಲಿಂದಪ್ಪ?"

"ಅಕ್ಕಾ, ಅದು ಎಐ!" ಎಂದು ಟಕಾಟಕ್ ಚಿಟಿಕೆ ಹೊಡೆದ. "ಟಕಾಟಕ್ ಅಂತ ಕೂಡಿಸಿದೆ. ನಾನೂ ಓದಿ ನೋಡಿದೀನಿ."

"ಹಾಗಾದ್ರೆ ನಾನೂ ಟಕಾಟಕ್ ಅಂತ ಓದ್ತೀನಿ," ಎಂದು ಅವನದೇ ದನಿಯಲ್ಲಿ, ಅವನದೇ ಚಿಟಿಕೆ ಹೊಡೆದು, ಪ್ರೋಗ್ರಾಂ ತೆರೆದಳು.

ಒಂದೊಂದೇ ಸಾಲು ಬೆರಳಿಟ್ಟು ಇಳಿದಳು. ಒಂದು ಕಡೆ ಬೆರಳು ನಿಂತಿತು. ಅಂಕಿಗಳ ಸುತ್ತ ಇರುವ ಬೇಡದ ಚಿಹ್ನೆಗಳನ್ನೆಲ್ಲ ಅಳಿಸು ಎಂಬ ಸಾಲು ಅದು. ಅಲ್ಪವಿರಾಮ ಹೋಗಲಿ, ತೊಂದರೆಯಿಲ್ಲ. ಆದರೆ ಕಂಸವೂ ಹೋಗಿತ್ತು!

ಲೆಕ್ಕದವರು ಕಳೆಯಬೇಕಾದ ಮೊತ್ತವನ್ನು ಕಂಸದೊಳಗೆ ಬರೆಯುತ್ತಾರೆ. ವಾಪಸ್ ಬಂದ ಪ್ರತಿ ಜೋಡಿಯ ಬೆಲೆಯನ್ನೂ ಅವಳು ಹಾಗೇ ಬರೆದಿದ್ದಳು. ಪ್ರೋಗ್ರಾಂ ಆ ಬೇಲಿ ಕಿತ್ತೆಸೆದು, ಒಳಗಿದ್ದ ಮೊತ್ತವನ್ನೆಲ್ಲ ಮಾರಾಟದ ಹಿಂಡಿಗೆ ಅಟ್ಟಿತ್ತು.

ಲ್ಯಾಪ್‌ಟಾಪ್ ಎತ್ತಿಕೊಂಡು ಅವಳು ಯಜಮಾನರ ಕೋಣೆಗೆ ನುಗ್ಗಿದಾಗ ಪೆನ್ನಿನ ಮುಚ್ಚಳ ತೆಗೆದಾಗಿತ್ತು. ಎದುರಿಗೆ ಕಟ್ಟಡದ ಮಾಲೀಕ ಕೈಕಟ್ಟಿ ಕೂತಿದ್ದ.

"ನಿಲ್ಲಿ ಸಾರ್, ಕಂಸವಧೆ ಆಗಿದೆ!"

"ಏನಕ್ಕಾ, ನಾಟಕಾನಾ?" ಎಂದರು ಯಜಮಾನರು.

"ಈ ಕೆಂಪು ಶೂ ಲೆಕ್ಕ ನೋಡಿ. ಎರಡು ಸಾವಿರಕ್ಕೆ ಹೋಯ್ತು, ಎರಡು ಸಾವಿರಕ್ಕೆ ವಾಪಸ್ ಬಂತು. ಉಳಿದಿದ್ದೆಷ್ಟು?"

"ಸೊನ್ನೆ."

"ಈ ಪ್ರೋಗ್ರಾಂ ನಾಲ್ಕು ಸಾವಿರ ಅಂತಿದೆ. ಯಾಕೆ ಅಂದ್ರೆ, ಈ ಸಾಲು."

ಹಿಂದೆಯೇ ಓಡಿ ಬಂದಿದ್ದ ಟಕಾಟಕ್ ಎಐಯನ್ನೇ ಕೇಳಿದ. ಉತ್ತರವನ್ನು ಲೆಕ್ಕದಕ್ಕ ಜೇನು ಸುರಿಸುತ್ತ ಓದಿದಳು: "ಖಂಡಿತ! ನೀವು ಹೇಳಿದ್ದು ಸರಿ! ಗಮನಿಸಿದ್ದಕ್ಕೆ ಧನ್ಯವಾದಗಳು!"

"ಸರಿ ಮಾಡೋಕೆ ಎಷ್ಟು ದಿನ ಬೇಕು?" ಯಜಮಾನರ ದನಿ ಒಣಗಿತ್ತು.

"ದಿನ ಯಾಕೆ ಸಾರ್? ಟಕಾಟಕ್."

ಕಂಸ ಕಂಡರೆ ಕಳೆ ಎಂದು ತಿದ್ದಿ ಓಡಿಸಿದಳು. ಲಾಭ ಉಸ್ಸೆಂದು ಇಳಿಯಿತು. ಉಳಿದದ್ದು ಈ ಅಂಗಡಿಯ ಬಾಡಿಗೆಗೇ ಸಾಲದು.

ಯಜಮಾನರು ಪೆನ್ನಿಗೆ ಮುಚ್ಚಳ ಹಾಕಿದರು.

"ನಾಳೆ ಬರ್ಲಾ?" ಎಂದ ಕಟ್ಟಡದ ಮಾಲೀಕ.

"ಶೂಗಳು ವಾಪಸ್ ಬರೋದು ನಿಲ್ಲಲಿ. ಆಮೇಲೆ ನೀವು ವಾಪಸ್ ಬನ್ನಿ." ಅವನನ್ನು ಕಳಿಸಿ ಟಕಾಟಕ್‌ನತ್ತ ತಿರುಗಿದರು. "ನೀನೂ ಓದಿದೆ ಅಂದ್ಯಲ್ಲೋ?"

"ಓದಿದೆ ಸಾರ್. ಕಂಸ ಅಂದ್ರೆ ಕಳೀಬೇಕು ಅಂತ ನಂಗೆ ಗೊತ್ತಿರ್ಲಿಲ್ಲ. ಎಐಗೂ ನಾನು ಹೇಳ್ಲಿಲ್ಲ."

"ಇನ್ಮೇಲೆ ಅದು ಏನೇ ಬರೀಲಿ, ಅಕ್ಕ ಓದದೆ ನನ್ನ ಮೇಜಿಗೆ ಬರ್ಬಾರ್ದು."

ಹೊರಬಂದ ಲೆಕ್ಕದಕ್ಕ ಡಬ್ಬಗಳ ಸಂದಿಯಲ್ಲಿ ನಿಂತು ಸೊಸೆಗೆ ಫೋನ್ ಮಾಡಿದಳು.

"ಕೋಡಲ್ಲಿ ಒಂದು ತಪ್ಪು ಸಿಕ್ತು ಕಣಮ್ಮ."

"ಅಯ್ಯೋ, ಯಾವ ಸಾಲಲ್ಲಿ ಅತ್ತೆ? ಮತ್ತೆ ಕೋಲನ್ ಬಿಟ್ರಾ?"

"ಇಲ್ಲ," ಎಂದು ಲೆಕ್ಕದಕ್ಕ ನೆತ್ತಿ ಸವರಿಕೊಂಡಳು. "ಈ ಸಲ ತಪ್ಪು ನಂದಲ್ಲ."