ತಮ್ಮನ ಹೊಟ್ಟೆಗೆ ಅಕ್ಕನ ಚಹಾ

ಯಾರ ಬಾಯಲ್ಲಾದರೂ ಹೊಟ್ಟೆ ಸರಿಯಿಲ್ಲ ಎಂಬ ಮಾತು ಬಂದರೆ ಸಾಕು, ಗಿಡಮೂಲಿಕೆ ಅಂಗಡಿಯ ಅಕ್ಕನ ಕಿವಿ ನೆಟ್ಟಗಾಗುತ್ತಿತ್ತು. ಅಂಥವಳ ಸ್ವಂತ ತಮ್ಮನ ಹೊಟ್ಟೆಯೇ ಕೆಟ್ಟು ಕೂತರೆ ಸುಮ್ಮನಿರುತ್ತಾಳೆಯೇ? ನಾಲ್ಕು ತುತ್ತು ಉಂಡರೆ ಅವನ ಹೊಟ್ಟೆ ಬಲೂನಿನ ಹಾಗೆ ಉಬ್ಬುತ್ತಿತ್ತು. ಮೈ ಮಾತ್ರ ದಿನೇ ದಿನೇ ಸೊರಗುತ್ತಿತ್ತು.

ಡಾಕ್ಟರಮ್ಮ ಅವನಿಗೆ ಸಕ್ಕರೆ ನೀರು ಕುಡಿಸಿ, ಚೀಲಕ್ಕೆ ಉಸಿರು ಊದಿಸಿ ಪರೀಕ್ಷೆ ಮಾಡಿದರು. ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಮಿತಿಮೀರಿ ಬೆಳೆದಿವೆ ಎಂದು ಮಾತ್ರೆ ಬರೆದುಕೊಟ್ಟರು. ತಮ್ಮ ಎರಡು ದಿನ ನುಂಗಿ ಕೈಬಿಟ್ಟ. ಅವನದು ಚಹಾ ಕಂಪನಿಯಲ್ಲಿ ರುಚಿ ನೋಡುವ ಕೆಲಸ, ನಾಲಿಗೆಯೇ ಅವನ ಅನ್ನ. ಮಾತ್ರೆ ನುಂಗಿದ ಮೇಲೆ ಯಾವ ಚಹಾ ಬಾಯಿಗಿಟ್ಟರೂ ತುಕ್ಕು ಹಿಡಿದ ಕಬ್ಬಿಣ ನೆಕ್ಕಿದ ಹಾಗಾಗುತ್ತಿತ್ತಂತೆ.

"ಮಾತ್ರೆ ಬೇಡ ಬಿಡು, ನಾನೇ ಚಹಾ ಮಾಡಿಕೊಡ್ತೀನಿ" ಎಂದಳು ಅಕ್ಕ.

"ಚಹಾ ಎಲೆನೇ ಇಲ್ದಿರೋದನ್ನ ಚಹಾ ಅನ್ಬಾರ್ದು ಅಕ್ಕ. ಆಫೀಸಲ್ಲಿ ಯಾರಾದ್ರೂ ಕೇಳಿಸಿಕೊಂಡ್ರೆ ನನ್ನ ಕೆಲಸ ಹೋಗುತ್ತೆ."

"ಕುಡಿಯೋನಿಗೆ ಹೆಸರಿನ ಉಸಾಬರಿ ಯಾಕೋ?"

ಅಕ್ಕ ಹೋಗಿ ಹಟ ಹಿಡಿದಾಗ ಡಾಕ್ಟರಮ್ಮ ಅರೆಮನಸ್ಸಿನಿಂದ ಒಪ್ಪಿದರು. ಗುಣವಾಗುತ್ತದೆಂದು ಮಾತು ಕೊಡಲಾರೆ, ಒಂದು ತಿಂಗಳು ನೋಡಿ ಮತ್ತೆ ಊದಿಸೋಣ ಎಂದರು. ಅಕ್ಕನಿಗೆ ಅಷ್ಟೇ ಸಾಕಾಯಿತು. ಬೀದಿಯವರಿಗೆಲ್ಲ "ನನ್ನ ಚಹಾ ಏನು ಅಂತ ನನ್ನ ತಮ್ಮನ ಹೊಟ್ಟೆನೇ ಹೇಳುತ್ತೆ, ನೋಡ್ತಾ ಇರಿ" ಎಂದು ಸಾರಿಬಿಟ್ಟಳು. ತಮ್ಮನ ಹೊಟ್ಟೆಯ ಜೊತೆಗೆ ಅಂಗಡಿಯ ಮರ್ಯಾದೆಯನ್ನೂ ಪಣಕ್ಕಿಟ್ಟ ಹಾಗಾಯಿತು.

ಬೆಳಗ್ಗೆ ಓಮ, ಶುಂಠಿ, ಪುದೀನ, ಜೊತೆಗೊಂದು ಕಹಿ ಬೇರು ಹಾಕಿ ಕುದಿಸಿ ಫ್ಲಾಸ್ಕಿಗೆ ತುಂಬಿ ಕಳಿಸುತ್ತಿದ್ದಳು. ಸಂಜೆ ಫೋನು.

"ಚಹಾ ಹೇಗಿತ್ತು?"

"ಇವತ್ತು ಶುಂಠಿ ಮುಂದೆ ನುಗ್ಗಿ ಪುದೀನಾನ ಹಿಂದಕ್ಕೆ ತಳ್ಳಿದೆ. ಒಂಚೂರು ಕಡಿಮೆ ಕುದಿಸು."

ಅಕ್ಕ ಹಿಗ್ಗಿ ಹೀರೇಕಾಯಿಯಾಗಿ ಮರುದಿನ ಹದ ತಿದ್ದುತ್ತಿದ್ದಳು.

ತಿಂಗಳಾದ ಮೇಲೆ ಊದಿಸಿದರೆ, ಬ್ಯಾಕ್ಟೀರಿಯಾ ಮೊದಲಿಗಿಂತ ಜೋರಾಗಿದ್ದವು. ಇದೇ ಬೆರಕೆಯನ್ನು ಎಷ್ಟು ಜನರಿಗೆ ಕೊಟ್ಟಿದ್ದೇನೋ ಎಂದು ಹೆದರಿ, ಅಕ್ಕ ಅಂಗಡಿಯ ಕಪಾಟಿನಿಂದ ಅದರ ಡಬ್ಬಿಯನ್ನೇ ಕೆಳಗಿಳಿಸಿದಳು. ಮರುದಿನ, ಎಲ್ಲಿ ತಪ್ಪಿದೆ ಎಂದು ತಮ್ಮನನ್ನೇ ಕೇಳೋಣವೆಂದು ಅವನ ಆಫೀಸಿಗೆ ಹೋದಳು.

ರುಚಿ ನೋಡುವ ಕೋಣೆಯಲ್ಲಿ ಉದ್ದನೆಯ ಕಟ್ಟೆ, ಅದರ ಮೇಲೆ ಸಾಲು ಸಾಲು ಬಿಳಿ ಬಟ್ಟಲು. ತಮ್ಮ ಒಂದೊಂದರಿಂದಲೂ ಚಮಚದಲ್ಲಿ ಎತ್ತಿ ಸೊರ್ರೆಂದು ಹೀರಿ, ಬಾಯೊಳಗೆ ಆಡಿಸಿ, ಪಕ್ಕದ ಡಬ್ಬಕ್ಕೆ ಪಿಚಕ್ಕನೆ ಉಗಿಯುತ್ತ ಸಾಗುತ್ತಿದ್ದ. ಕೊನೆಯ ಬಟ್ಟಲಿನಲ್ಲಿದ್ದದ್ದು ಅಕ್ಕನ ಚಹಾ. ಅದನ್ನೂ ಹೀರಿದ, ಆಡಿಸಿದ, ಉಗಿದ. ಮಿಕ್ಕಿದ್ದನ್ನು ಸಿಂಕಿಗೆ ಸುರಿದ.

"ಲೋ, ನುಂಗೋದಿಲ್ವೇನೋ ನೀನು?"

ತಮ್ಮ ಚಮಚ ಹಿಡಿದುಕೊಂಡು ಪೆಚ್ಚಾಗಿ ನಿಂತ. "ಮೊದಮೊದಲು ಅಭ್ಯಾಸಬಲ ಅಕ್ಕ. ಆಮೇಲೆ ಗೊತ್ತಿದ್ದೇ ಉಗಿದೆ. ಆ ಕಹಿ ಗಂಟಲಿಗೆ ಇಳಿದ್ರೆ ಮಧ್ಯಾಹ್ನದ ತನಕ ನಾಲಿಗೆ ಏಳಲ್ಲ."

ಅಕ್ಕನಿಗೆ ಮೊದಲು ಆದದ್ದು ಖುಷಿ. ತಪ್ಪು ತನ್ನ ಚಹಾದ್ದಲ್ಲ. ಈಗಲೇ ಹೋಗಿ ಇಡೀ ಬೀದಿಗೆ ಹೇಳಬೇಕೆನ್ನಿಸಿತು.

"ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ನೀನು ದಿನಾ ಕೇಳಿದ್ದು ಚಹಾ ವಿಷಯ. ನನ್ನ ಹೊಟ್ಟೆ ಹೇಗಿದೆ ಅಂತ ಒಂದಿನ ಕೇಳಿದ್ಯಾ?"

ಅಕ್ಕ ಆಗ ತಮ್ಮನನ್ನು ಸರಿಯಾಗಿ ನೋಡಿದಳು. ಅಂಗಿ ಯಾರದೋ ಎರವಲು ತಂದದ್ದರಂತೆ ಮೈಮೇಲೆ ಜೋತಾಡುತ್ತಿತ್ತು. ಕೈಗಡಿಯಾರ ಮೊಣಕೈವರೆಗೂ ಜಾರುತ್ತಿತ್ತು. ತಿಂಗಳಿಡೀ ಇದು ತನ್ನ ಕಣ್ಣಿಗೇ ಬೀಳಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ಅಳುವೂ ಬಂತು.

"ನಾಲಿಗೆ ನಾಲ್ಕು ದಿನ ಮಲಗಿದ್ರೆ ಮಲಗ್ಲಿ. ನಡಿ, ರಜೆ ಕೇಳೋಣ."

"ಸಾಹೇಬರು ಒಪ್ಪಲ್ಲ."

"ನಾನು ಕೇಳ್ತೀನಿ, ಹೇಗೆ ಒಪ್ಪಲ್ಲ ನೋಡೋಣ."

ಸಾಹೇಬರು ಒಪ್ಪಿದರು, ಅಕ್ಕನ ಎದುರು ಒಪ್ಪದೆ ಗತಿಯಿರಲಿಲ್ಲ. ಅಲ್ಲಿಂದ ಡಾಕ್ಟರಮ್ಮನಲ್ಲಿಗೆ ಹೋಗಿ, ನಡೆದದ್ದನ್ನೆಲ್ಲ ಒಪ್ಪಿಕೊಂಡು, ಇಬ್ಬರೂ ಬೈಸಿಕೊಂಡು, ಮಾತ್ರೆಯ ಹೊಸ ಚೀಟಿ ಬರೆಸಿಕೊಂಡರು. ಯಾರಿಗೂ ಹೇಳಬೇಡ, ಆಫೀಸಿನವರು ಆಡಿಕೊಂಡು ನಗುತ್ತಾರೆ ಎಂದು ತಮ್ಮ ದಾರಿಯುದ್ದಕ್ಕೂ ಗೋಗರೆದ.

ಅವಳ ಬೀದಿಯ ಮೆಡಿಕಲ್ ಶಾಪಿನವನು ಚೀಟಿಯನ್ನು ನೋಡಿದ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದ ತಮ್ಮನನ್ನೂ ನೋಡಿದ. ಗಿರಾಕಿಗಳೆಲ್ಲ ಕೇಳುವ ಹಾಗೆ, "ಏನಕ್ಕ, ನಿಮ್ಮ ಚಹಾ ಕೈಕೊಡ್ತಾ?" ಎಂದ.

ಇವನು ಕುಡಿದೇ ಇಲ್ಲ ಎಂಬ ಮಾತು ಅಕ್ಕನ ಗಂಟಲವರೆಗೂ ಬಂತು.

"ಹೂಂ ಕಣಪ್ಪ, ಕೈಕೊಡ್ತು" ಎಂದಳು. "ಮಾತ್ರೆ ಕೊಡು."