ಸೋಮವಾರದ ಒಗ್ಗರಣಿ

ವಳಕಮದಿನ್ನಿಯ ಅಮರಗುಂಡಪ್ಪ, ಅವನ ತಮ್ಮ ದ್ಯಾವಪ್ಪ ಇಬ್ಬರೂ ಸೋಮವಾರ ಉಪವಾಸ. ಊರಿಗೆಲ್ಲ ಗೊತ್ತಿದ್ದ ಮಾತು ಇದು. ಮಸ್ಕಿಯ ಹೋಟೆಲಿನವನೊಬ್ಬನಿಗೆ ಮಾತ್ರ ನಿಜ ಗೊತ್ತಿತ್ತು.

ಆ ಸೋಮವಾರ ಮಸ್ಕಿಯಿಂದ ಬರುವಾಗ ದ್ಯಾವಪ್ಪ ಬೈಕಿನಿಂದ ಬಿದ್ದ. ಹೆಲ್ಮೆಟ್ ಮನೆಯ ಗೂಟಕ್ಕೆ ನೇತಾಡುತ್ತಿತ್ತು. ಹಿಂದೆ ಕೂತಿದ್ದ ಅಮರಗುಂಡಪ್ಪನಿಗೆ ಮೊಣಕೈ ತರಚಿತಷ್ಟೇ. ಸಿಂಧನೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟಿದೆ, ಈಗಲೇ ಆಪರೇಷನ್ ಆಗಬೇಕು ಎಂದರು.

ಅರಿವಳಿಕೆ ಕೊಡುವ ಡಾಕ್ಟರ್ ಶಾಕೀರಾ ಹೊರಗೆ ಬಂದು, ಕೊನೆಗೆ ಏನು ತಿಂದಿದ್ದಾರೆ ಎಂದು ಕೇಳಿದರು. ದ್ಯಾವಪ್ಪನ ಹೆಂಡತಿ ಕಸ್ತೂರೆಮ್ಮ ಕಣ್ಣೊರೆಸಿಕೊಂಡು, ಮುಂಜಾನೆಯಿಂದ ಬರೀ ನೀರು ಎಂದಳು.

ಅಮರಗುಂಡಪ್ಪ ಗೋಡೆ ನೋಡಿದ. ನಿಜ ಹೇಳಿದರೆ ಮಾನ ಹೋಗುತ್ತದೆ. ಹೊಟ್ಟೆ ತುಂಬಿದೆಯೆಂದು ಆಪರೇಷನ್ ಮುಂದೂಡಿದರೆ ತಮ್ಮನೇ ಹೋಗುತ್ತಾನೆ. ಹೌದೆಂದು ಗೋಣು ಹಾಕಿದ.

ಆಸ್ಪತ್ರೆಗೆ ತರುವ ದಾರಿಯಲ್ಲಿ ದ್ಯಾವಪ್ಪ ಅಣ್ಣನ ಟವೆಲ್ಲಿನ ಮೇಲೆಯೇ ವಾಂತಿ ಮಾಡಿಕೊಂಡಿದ್ದ. ಅವರ ಓಣಿಯವಳೇ ಆದ ನರ್ಸ್ ಸುಭಾನಬಿ ಅದನ್ನು ನೋಡಿದಳು.

"ಅಮರಣ್ಣಾ, ಉಪಾಸ ಇದ್ದವರ ವಾಂತ್ಯಾಗ ಮಂಡಕ್ಕಿ ಎಲ್ಲಿಂದ ಬಂತು?"

ಅಮರಗುಂಡಪ್ಪನಿಗೆ ಸಿಟ್ಟು ಬಂತು. "ಎಲ್ಲಾರಿಗೂ ಮತ್ತಿನ ಸೂಜಿ ಒಂದ ಅಲ್ಲೇನು ತಂಗೀ? ಚುಚ್ಚೂದು ಬಿಟ್ಟು ಇಷ್ಟ್ಯಾಕ ಕೇಳ್ತೀರಿ?"

ಒಂದೇ ಅಲ್ಲ ಎಂದರು ಶಾಕೀರಾ. ತಲೆಗೆ ಪೆಟ್ಟು ಬಿದ್ದವರ ಬಿ.ಪಿ. ಇಳಿದರೆ ಮಿದುಳಿಗೆ ರಕ್ತ ಸಾಲುವುದಿಲ್ಲ, ಏರಿದರೂ ಅಪಾಯ. ವಯಸ್ಸು, ತೂಕ, ಹಳೆಯ ಬೇನೆ, ನುಂಗುವ ಗುಳಿಗೆ ಎಲ್ಲ ನೋಡಿಯೇ ಔಷಧ ಆರಿಸಬೇಕು.

"ಹೊಟ್ಟಿ ತುಂಬೈತಂತ ಈ ಆಪರೇಷನ್ ನಿಲ್ಲಸಂಗಿಲ್ಲ. ಆದ್ರ ಸೂಜಿಯ ಮತ್ತು ಬಂದಾಗ ತಿಂದದ್ದು ಮ್ಯಾಲ ಬಂದು ಪುಪ್ಪಸಕ್ಕ ಇಳಿದ್ರ ಜೀವಕ್ಕ ಕುತ್ತು. ಮೊದಲ ತಿಳದ್ರ ಅದಕ್ಕ ತಕ್ಕಂಗ ತಯಾರಿ ಮಾಡ್ತೀವಿ."

ಅಮರಗುಂಡಪ್ಪ ತಲೆ ತಗ್ಗಿಸಿದ. "ಮಸ್ಕಿ ಹೋಟೆಲಿನ್ಯಾಗ ಎರಡು ಪ್ಲೇಟ್ ಮಂಡಕ್ಕಿ ಒಗ್ಗರಣಿ ತಿಂದಾನ ರೀ. ನಾಕು ಮಿರ್ಚಿ. ಎರಡು ತಾಸಿನ ಹಿಂದ. ಬಿ.ಪಿ. ಗುಳಿಗಿ ದಿನಾ ನುಂಗತಾನ. ಆಯ್ತವಾರಕ್ಕೊಮ್ಮೆ ಒಂದೀಟು ಕುಡೀತಾನ."

"ಅದೂ ಐತೇನು?" ಎಂದಳು ಕಸ್ತೂರೆಮ್ಮ.

ಶಾಕೀರಾ ಎಲ್ಲ ಬರೆದುಕೊಂಡು ಒಳಗೆ ಹೋದರು.

ಆಪರೇಷನ್ ಆದ ಮೂರನೇ ದಿನ ದ್ಯಾವಪ್ಪ ಕಣ್ಣು ಬಿಟ್ಟು ಹೆಂಡತಿಯ ಹೆಸರು ಹಿಡಿದು ಕರೆದ. ಅವಳು ಅತ್ತಳು, ನಕ್ಕಳು, ಆಮೇಲೆ ಬೈದಳು. "ಇನ್ನ ಒಗ್ಗರಣಿ ಮನ್ಯಾಗ ಮಾಡ್ತೀನಿ, ಕದ್ದು ತಿನ್ನಬ್ಯಾಡ್ರಿ. ಹೆಲ್ಮೆಟ್ ಇಲ್ದ ಹೊಸ್ತಿಲ ಮಾತ್ರ ದಾಟಬ್ಯಾಡ್ರಿ."

ಅಣ್ಣ ಅಕ್ಕಂದಿರೇ, ತಲೆಗೆ ಪೆಟ್ಟು ಬಿದ್ದವರ ಬಾಯಿಗೆ ನೀರು, ಚಹಾ ಏನೂ ಹಾಕದೆ ಆಸ್ಪತ್ರೆಗೆ ಓಡಿ. ತಿಂದದ್ದು, ಕುಡಿದದ್ದು, ನುಂಗುವ ಗುಳಿಗೆ, ಮೈಗೆ ಒಗ್ಗದ ಔಷಧ ಎಲ್ಲವನ್ನೂ ಬಾಯಿ ಬಿಟ್ಟು ಹೇಳಿ. ಶಿವನಿಗೆ ನೀವು ಹೇಳದಿದ್ದರೂ ಗೊತ್ತಾಗುತ್ತದೆ. ಡಾಕ್ಟರಿಗೆ ನೀವೇ ಹೇಳಬೇಕು.